ಆತಂಕಕ್ಕೂ ಅಂಕವೇ?



‘ಆತಂಕ’ ಎಂಬ ಪದವನ್ನು ಮೆಲ್ಲನೆ ಉಚ್ಚರಿಸಿ ನೋಡಿ. ಅದರ ಬಾಲದಲ್ಲಿ ‘ಅಂಕ’ ಎಂಬ ಸದ್ದು ಕೇಳಿಸುತ್ತದೆ. ಇವೆರಡಕ್ಕೂ ವ್ಯುತ್ಪತ್ತಿಯ ನಂಟೇನೂ ಇಲ್ಲವೆಂದು ನನ್ನಿಂದ ವ್ಯಾಕರಣ ಕಲಿತ ನಿಮಗೆ ಹೇಳಬೇಕಾಗಿಲ್ಲ. ಆದರೆ ನಿಘಂಟು ಒಪ್ಪದ ನಂಟನ್ನು ಕಾಲವು ಬೆಸೆಯುವುದುಂಟು. ಮಗುವಿನ ಮನಸ್ಸಿನೊಳಗಿನ ಆತಂಕಕ್ಕೆ ಹೊರಗೆ ನಿಂತವರು ಅಂಕ ಹಾಕುವ ಪದ್ಧತಿ ಈಗ ಶಾಲೆಯ ಬಾಗಿಲೊಳಗೆ ಬಂದು ಕುಳಿತಿದೆ.

ಇಂದು ತಾಯ್ತಂದೆಯರಾಗಿರುವ ನಿಮ್ಮಲ್ಲಿ ಕೆಲವರು ಈಚೆಗೆ ನನಗೆ ಬರೆದಿದ್ದೀರಿ. ಮಕ್ಕಳ ಪ್ರಗತಿಪತ್ರದಲ್ಲಿ ‘ಭಾವನೆಗಳ ನಿರ್ವಹಣೆ’, ‘ಒತ್ತಡವನ್ನು ಎದುರಿಸುವ ಶಕ್ತಿ’ ಎಂಬಂಥ ಅಂಕಣಗಳಿರುತ್ತವೆ, ಅವುಗಳ ಎದುರು ಒಂದು ಅಕ್ಷರವೋ ಅಂಕಿಯೋ ಇರುತ್ತದೆ, ಅದನ್ನು ನಂಬಬಹುದೇ ಮೇಷ್ಟ್ರೇ ಎಂಬುದು ನಿಮ್ಮ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇಲ್ಲಿಯೇ ಎಲ್ಲರಿಗೂ ಒಟ್ಟಾಗಿ ಬರೆಯುತ್ತಿದ್ದೇನೆ. ಉತ್ತರ ಚಿಕ್ಕದು: ನಂಬಬೇಡಿ. ಕಾರಣಗಳು ಮಾತ್ರ ಸ್ವಲ್ಪ ದೀರ್ಘವಾದವು.

ನನ್ನ ವಾದವಿಷ್ಟು. ಹೊರಗಿನವನು ಅಳೆಯಬಲ್ಲದ್ದು ಆತಂಕದ ಚಿಹ್ನೆಗಳನ್ನೇ ಹೊರತು ಆತಂಕವನ್ನಲ್ಲ. ಆ ಚಿಹ್ನೆಗಳು ಎಷ್ಟೋ ಬಾರಿ ಬೇರೆ ಕಾರಣಕ್ಕೆ ಮೂಡುತ್ತವೆ. ಆತಂಕವಾದರೋ ಎಷ್ಟೋ ಬಾರಿ ಯಾವ ಚಿಹ್ನೆಯನ್ನೂ ತೋರದೆ ಒಳಗೇ ಸುಡುತ್ತದೆ. ಆದುದರಿಂದ, ಮಾತನಾಡಬಲ್ಲ ಮನುಷ್ಯನ ಆತಂಕಕ್ಕೆ ಅವನ ಮಾತನ್ನು ಕೇಳದೆ ಬೇರೊಬ್ಬನು ಹಾಕುವ ಅಂಕವು ಅಳತೆಯಲ್ಲ, ಊಹೆ. ಊಹೆ ಮಾಡುವುದು ತಪ್ಪಲ್ಲ. ಅದನ್ನು ಅಳತೆಯೆಂದು ಕರೆದು ದಾಖಲೆಯಲ್ಲಿ ಬರೆದಿಡುವುದು ತಪ್ಪು.

ನಮ್ಮ ಭಾಷೆಗೆ ಈ ವಿವೇಕ ಮೊದಲಿನಿಂದಲೂ ಇದೆ. ಗಾಬರಿ ಎಂದರೆ ಹೊರಗೆ ಕಾಣುವಂಥದು. ಗಾಬರಿಗೊಂಡವನನ್ನು ಬೀದಿಯ ಆ ಬದಿಯಿಂದಲೇ ಗುರುತಿಸಬಹುದು. ಆದರೆ ಅಳುಕು? ಅದು ಒಳಗಿನದು. ತಳಮಳ, ಕಳವಳ, ದಿಗಿಲು – ಇವೆಲ್ಲ ಅನುಭವಿಸಿದವನು ಹೇಳಿದರೆ ಮಾತ್ರ ತಿಳಿಯುವಂಥವು. ಬೂದಿ ಮುಚ್ಚಿದ ಕೆಂಡವೆಂಬ ಮಾತು ಸುಮ್ಮನೆ ಹುಟ್ಟಲಿಲ್ಲ. ಮೇಲಿನ ಬೂದಿಯನ್ನು ತೂಗಿ ಕೆಂಡದ ಬಿಸಿ ಇಷ್ಟೆಂದು ಹೇಳುವವನನ್ನು ನಮ್ಮ ಅಜ್ಜಿಯಂದಿರು ನೋಡಿ ನಕ್ಕಾರು. ಅದೇ ಮಾತನ್ನು ಐದು ಹಂತಗಳ ಕೋಷ್ಟಕದಲ್ಲಿ ಬರೆದು ಮುದ್ರೆಯೊತ್ತಿದಾಗ ನಾವು ಕೈಕಟ್ಟಿ ನಿಲ್ಲುತ್ತೇವೆ.

ಈ ಪದ್ಧತಿಯನ್ನು ಸಮರ್ಥಿಸುವವರು ಸಾಮಾನ್ಯವಾಗಿ ಮನೋವೈದ್ಯಶಾಸ್ತ್ರವನ್ನು ಮುಂದಿಡುತ್ತಾರೆ. ‘ಆಸ್ಪತ್ರೆಗಳಲ್ಲಿ ವೈದ್ಯರು ರೋಗಿಯ ಆತಂಕಕ್ಕೆ ಅಂಕ ಕೊಡುವುದಿಲ್ಲವೇ? ಶಿಕ್ಷಕರು ಕೊಟ್ಟರೇನು?’ ಎನ್ನುತ್ತಾರೆ. ಕೊಡುತ್ತಾರೆ, ನಿಜ. ಬ್ರಿಟನ್ನಿನ ಮನೋವೈದ್ಯ ಮ್ಯಾಕ್ಸ್ ಹ್ಯಾಮಿಲ್ಟನ್ 1959ರಲ್ಲಿ ಪ್ರಕಟಿಸಿದ ಆತಂಕದ ಮಾಪನಪಟ್ಟಿ ಇಂದಿಗೂ ಲೋಕದಾದ್ಯಂತ ಬಳಕೆಯಲ್ಲಿದೆ. ಅದರಲ್ಲಿ 14 ಅಂಶಗಳು, ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ, ಒಟ್ಟು 56. ಅಂಕ ಹಾಕುವವನು ರೋಗಿಯಲ್ಲ, ವೈದ್ಯ. ಇಷ್ಟನ್ನು ಕೇಳಿದವರು ಇದು ಹೊರಗಿನಿಂದ ನೋಡಿ ಅಳೆಯುವ ಪಟ್ಟಿಯೆಂದು ಭಾವಿಸುತ್ತಾರೆ. ಆದರೆ ಆ 14 ಅಂಶಗಳನ್ನು ಒಮ್ಮೆ ಓದಿ ನೋಡಬೇಕು. ಮನಸ್ಸಿನ ಕಳವಳ, ಬಿಗುವು, ಭಯಗಳು, ನಿದ್ರಾಹೀನತೆ, ಏಕಾಗ್ರತೆಯ ಕೊರತೆ, ಖಿನ್ನತೆ, ಸ್ನಾಯುಗಳ ನೋವು, ಎದೆಬಡಿತ, ಉಸಿರಾಟ, ಹೊಟ್ಟೆಯ ಸಂಕಟ – ಇವುಗಳಲ್ಲಿ ಯಾವುದನ್ನು ವೈದ್ಯನು ಎದುರಿನ ಕುರ್ಚಿಯಲ್ಲಿ ಕುಳಿತು ಕಣ್ಣಿನಿಂದ ಕಂಡಾನು? ರಾತ್ರಿ ನಿದ್ದೆ ಬಂತೇ ಎಂಬುದನ್ನು ಕೇಳಿಯೇ ತಿಳಿಯಬೇಕು. ಸಂದರ್ಶನದ ವೇಳೆಯಲ್ಲಿ ರೋಗಿಯ ವರ್ತನೆ ಹೇಗಿತ್ತು ಎಂಬ, ಪೂರ್ತಿಯಾಗಿ ನೋಡಿಯೇ ಅಂಕ ಹಾಕುವ ಅಂಶ ಒಂದೇ ಒಂದು, ಅದೂ ಪಟ್ಟಿಯ ಕೊನೆಯಲ್ಲಿ. ಉಳಿದವೆಲ್ಲ ಬಹುಮಟ್ಟಿಗೆ ಕೇಳಿ ತಿಳಿಯುವಂಥವು.

ಇನ್ನೊಂದು ಸಂಗತಿ. ಆತಂಕದ ಕಾಯಿಲೆಯಿದೆಯೆಂದು ಆಗಲೇ ನಿರ್ಧಾರವಾಗಿರುವ ರೋಗಿಗಳಲ್ಲಿ ಅದರ ತೀವ್ರತೆಯನ್ನು ತಿಳಿಯಲು ಹ್ಯಾಮಿಲ್ಟನ್ ಆ ಪಟ್ಟಿಯನ್ನು ಮಾಡಿದರು. ಹಾದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಯಾರಿಗೆ ಆತಂಕವಿದೆ, ಯಾರಿಗಿಲ್ಲ ಎಂದು ವಿಂಗಡಿಸಲು ಅಲ್ಲ. ಅಂದರೆ ಹೊರಗಿನವರ ಅಂಕಕ್ಕೆ ಅತಿ ಪ್ರಸಿದ್ಧ ಉದಾಹರಣೆಯಾದ ಈ ಪಟ್ಟಿಯೇ ತರಬೇತಾದ ಕಿವಿಯನ್ನು ಬೇಡುತ್ತದೆ, ಬರಿಯ ಕಣ್ಣನ್ನಲ್ಲ. ಅದರ ಹೆಸರು ಹೇಳಿ, ತರಗತಿಯ ಬಾಗಿಲಲ್ಲಿ ನಿಂತು ಮಕ್ಕಳ ಮುಖ ನೋಡಿ ಶ್ರೇಣಿ ಬರೆಯುವವರು ಹ್ಯಾಮಿಲ್ಟನ್ನರ ಶಿಷ್ಯರಲ್ಲ. ಅವರು ಮುಖ ನೋಡಿ ಮಣೆ ಹಾಕುವವರ ಪರಂಪರೆಯವರು.

ಹಾಗಾದರೆ ಬರಿಯ ಕಣ್ಣಿನಿಂದ ಆತಂಕವನ್ನು ಅಳೆಯುವ ಪ್ರಯತ್ನ ನಡೆದೇ ಇಲ್ಲವೇ? ನಡೆದಿದೆ, ಬಹಳ ಎಚ್ಚರಿಕೆಯಿಂದ ನಡೆದಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಗಾರ್ಡನ್ ಪಾಲ್ ಎಂಬ ಮನಶ್ಶಾಸ್ತ್ರಜ್ಞರು ಭಾಷಣದ ಭಯವಿದ್ದ ವಿದ್ಯಾರ್ಥಿಗಳ ಮೇಲೆ ಅಧ್ಯಯನ ಮಾಡಿ 1966ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ವಿದ್ಯಾರ್ಥಿಯು ಭಾಷಣ ಮಾಡುವಾಗ ತರಬೇತಾದ ವೀಕ್ಷಕರು ಎದುರು ಕುಳಿತು, ಮೊದಲ 4 ನಿಮಿಷಗಳ ಕಾಲ, 30 ಸೆಕೆಂಡುಗಳ ಒಂದೊಂದು ಅವಧಿಯಲ್ಲೂ 20 ಚಿಹ್ನೆಗಳಲ್ಲಿ ಯಾವುವು ಕಂಡವೆಂದು ಗುರುತು ಹಾಕಬೇಕು. ಅತ್ತಿತ್ತ ನಡೆದಾಡುವುದು, ತೂಗಾಡುವುದು, ಮಂಡಿ ನಡುಗುವುದು, ಕೈಗಳನ್ನು ಬೆನ್ನ ಹಿಂದೆ ಕಟ್ಟುವುದು, ಸಭಿಕರ ಕಣ್ಣು ನೋಡದಿರುವುದು, ಮುಖ ಬಿಳಿಚಿಕೊಳ್ಳುವುದು ಅಥವಾ ಕೆಂಪೇರುವುದು, ತುಟಿ ಸವರಿಕೊಳ್ಳುವುದು, ಗಂಟಲು ಸರಿಮಾಡಿಕೊಳ್ಳುವುದು, ಬೆವರುವುದು, ದನಿ ಕಂಪಿಸುವುದು, ತೊದಲುವುದು – ಹೀಗೆ ಸಾಗುತ್ತದೆ ಆ ಪಟ್ಟಿ.

ಈಗ ಈ ಪಟ್ಟಿಯನ್ನು ಹಿಡಿದು ನಮ್ಮ ಯಾವುದಾದರೂ ಹಳ್ಳಿಯ ಶಾಲೆಯ ಭಾಷಣ ಸ್ಪರ್ಧೆಗೆ ಬನ್ನಿ. ಏಳನೆಯ ತರಗತಿಯ ಹುಡುಗಿಯೊಬ್ಬಳು ವೇದಿಕೆ ಹತ್ತುತ್ತಾಳೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಾಳೆ – ಹಾಗೆ ನಿಲ್ಲಬೇಕೆಂದು ಕಲಿಸಿದವರು ನಾವೇ. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ – ಅದು ಅವಳ ಮನೆಯ ಸಂಸ್ಕಾರ. ಗಂಟಲು ಸರಿಮಾಡಿಕೊಳ್ಳುತ್ತಾಳೆ – ಮಾಘದ ಚಳಿ, ಮೇಲೆ ಸೀಮೆಸುಣ್ಣದ ಪುಡಿ. ಬೇಸಗೆಯ ರಾಯಚೂರಾದರೆ ಬೆವರುತ್ತಾಳೆ; ಅಲ್ಲಿ ಬೆವರದವರು ಯಾರು? ಮುಖ ಬಿಳಿಚಿತೋ ಕೆಂಪೇರಿತೋ ಎಂಬುದಂತೂ ಅವಳ ಕಪ್ಪು ಚರ್ಮದಲ್ಲಿ ವೀಕ್ಷಕನಿಗೆ ತಿಳಿಯುವುದೇ ಇಲ್ಲ. ಪಟ್ಟಿಯ ಪ್ರಕಾರ ಅವಳು ಬಹಳ ಆತಂಕದ ಹುಡುಗಿ. ನಿಜದಲ್ಲಿ ಅವಳು ಬಹಳ ಮರ್ಯಾದೆಯ ಹುಡುಗಿ. ಆಮೇಲೆ ಬರುವ ಹುಡುಗ ಮೂರು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಾನೆ. ಎಲ್ಲರ ಕಣ್ಣು ನೋಡುತ್ತಾನೆ, ಕೈ ಬೀಸುತ್ತಾನೆ, ಸೊಗಸಾಗಿ ಮುಗಿಸುತ್ತಾನೆ. ಹಿಂದಿನ ರಾತ್ರಿ ಅವನು ಒಂದು ತುತ್ತೂ ಉಣ್ಣಲಿಲ್ಲವೆಂಬುದು ಅವನ ತಾಯಿಗೆ ಗೊತ್ತು. ಪಟ್ಟಿಯ ಪ್ರಕಾರ ಅವನಿಗೆ ಸೊನ್ನೆ.

ಪಾಲ್ ಅವರಿಗೆ ನ್ಯಾಯ ಸಲ್ಲಿಸಬೇಕು. ಅವರು ಈ ಪಟ್ಟಿಯೊಂದನ್ನೇ ನಂಬಿ ಕೂರಲಿಲ್ಲ. ವಿದ್ಯಾರ್ಥಿಗಳ ಸ್ವಂತ ಹೇಳಿಕೆಯನ್ನೂ ಪಡೆದರು. ನಾಡಿಬಡಿತವನ್ನೂ ಅಂಗೈಯ ಬೆವರನ್ನೂ ಅಳೆದರು. 1968ರಲ್ಲಿ ಪೀಟರ್ ಲ್ಯಾಂಗ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು ಭಯವು ಮೂರು ದಾರಿಗಳಲ್ಲಿ ಹೊರಬರುತ್ತದೆಂದು ಬರೆದರು: ಮಾತು, ನಡವಳಿಕೆ, ದೇಹದ ಒಳಗಿನ ಬದಲಾವಣೆ. ಈ ಮೂರೂ ಜೊತೆಜೊತೆಯಾಗಿ ಏರಿಳಿಯಬೇಕೆಂಬ ನಿಯಮವಿಲ್ಲ. ಬಾಯಿ ‘ಹೆದರಿಕೆಯಿಲ್ಲ’ ಎಂದಾಗ ಎದೆ ಹೊಡೆದುಕೊಳ್ಳುತ್ತಿರಬಹುದು. ಕೈ ನಡುಗುತ್ತಿದ್ದರೂ ಮನಸ್ಸು ಗಟ್ಟಿಯಾಗಿರಬಹುದು. ಮೂರು ದಾರಿಗಳಲ್ಲಿ ಒಂದನ್ನು ಮಾತ್ರ ಕಾಯುವ ಕಾವಲುಗಾರನು ಊರಿಗೆ ಯಾರೂ ಬರಲಿಲ್ಲವೆಂದು ಸಾರಿದರೆ ಅದಕ್ಕೆ ಬೆಲೆಯೆಷ್ಟು?

ನೋಡುವವರು ಬದಲಾದರೆ ಅಂಕವೂ ಬದಲಾಗುತ್ತದೆಂಬುದು ಶಿಕ್ಷಕರ ಕೊಠಡಿಯಲ್ಲಿ ಕುಳಿತ ಎಲ್ಲರಿಗೂ ಗೊತ್ತು. ನನ್ನ ವೃತ್ತಿಯ ನಡುಗಾಲದಲ್ಲಿ ಒಂದು ಶಾಲೆಯಲ್ಲಿ ಒಬ್ಬನೇ ಹುಡುಗನ ಬಗ್ಗೆ ಗಣಿತದ ಅಧ್ಯಾಪಕರು ‘ಪುಕ್ಕಲ, ಹೆಸರು ಕರೆದರೆ ಸಾಕು ನಡುಗುತ್ತಾನೆ’ ಎನ್ನುತ್ತಿದ್ದರು; ವ್ಯಾಯಾಮದ ಅಧ್ಯಾಪಕರು ‘ಅವನಷ್ಟು ಧೈರ್ಯದವನು ಇನ್ನೊಬ್ಬನಿಲ್ಲ, ಕಬಡ್ಡಿಯಲ್ಲಿ ನೋಡಿ’ ಎನ್ನುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬರು ಕಂಡದ್ದು ಕಪ್ಪುಹಲಗೆಯ ಮುಂದಿನ ಹುಡುಗನನ್ನು, ಇನ್ನೊಬ್ಬರು ಕಂಡದ್ದು ಅಂಕಣದ ಗೆರೆಯ ಆಚೆಯ ಹುಡುಗನನ್ನು. ಅವರ ಮಾತಿನಲ್ಲಿ ಹುಡುಗನಷ್ಟೇ ಅವರೂ ಇದ್ದರು: ಗಣಿತದ ಅಧ್ಯಾಪಕರ ಕೈಯಲ್ಲಿದ್ದ ಬೆತ್ತವನ್ನು ಯಾವ ಪಟ್ಟಿಯೂ ಅಳೆಯುತ್ತಿರಲಿಲ್ಲ.

ಇದು ಕೇವಲ ನಮ್ಮ ಕೊಠಡಿಯ ಹರಟೆಯಲ್ಲ. 1987ರಲ್ಲಿ ಥಾಮಸ್ ಆಕೆನ್‌ಬಾಕ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 119 ಅಧ್ಯಯನಗಳನ್ನು ಒಟ್ಟುಗೂಡಿಸಿ, ಮಕ್ಕಳ ಭಾವನೆ ಮತ್ತು ನಡವಳಿಕೆಯ ತೊಂದರೆಗಳಿಗೆ ಬೇರೆ ಬೇರೆಯವರು ಕೊಟ್ಟ ಅಂಕಗಳು ಎಷ್ಟರ ಮಟ್ಟಿಗೆ ಹೊಂದುತ್ತವೆಂದು ಲೆಕ್ಕ ಹಾಕಿದರು. ಒಂದೇ ಬಗೆಯ ಇಬ್ಬರು ವೀಕ್ಷಕರ ನಡುವೆ, ಅಂದರೆ ತಾಯಿ ಮತ್ತು ತಂದೆಯಂಥವರ ನಡುವೆ, ಸಹಸಂಬಂಧದ ಸರಾಸರಿ 0.60. ತಾಯ್ತಂದೆ ಮತ್ತು ಶಿಕ್ಷಕರಂತೆ ಬೇರೆ ಬೇರೆ ಸ್ಥಾನಗಳಲ್ಲಿ ನಿಂತವರ ನಡುವೆ 0.28. ಮಗುವಿನ ಸ್ವಂತ ಹೇಳಿಕೆಗೂ ಇತರರ ಅಂಕಕ್ಕೂ ನಡುವೆ ಕೇವಲ 0.22. ನಿಮ್ಮಲ್ಲಿ ಸಂಖ್ಯಾಶಾಸ್ತ್ರ ಓದಿದವರಿಗೆ ಇದರ ಅರ್ಥ ತಿಳಿದೀತು, ಉಳಿದವರಿಗಾಗಿ ಹೇಳುತ್ತೇನೆ. 0.22ನ್ನು ಅದರಿಂದಲೇ ಗುಣಿಸಿದರೆ 0.05ರ ಹತ್ತಿರ ಬರುತ್ತದೆ. ಅಂದರೆ ಮಕ್ಕಳು ತಮ್ಮ ಬಗ್ಗೆ ಹೇಳಿಕೊಳ್ಳುವುದರಲ್ಲಿನ ವ್ಯತ್ಯಾಸದ ಶೇಕಡ 5ರಷ್ಟು ಮಾತ್ರ ಹೊರಗಿನವರ ಅಂಕದಲ್ಲಿ ಕಾಣಿಸುತ್ತದೆ. ನೂರಕ್ಕೆ ಐದು! ಪರೀಕ್ಷೆಯಲ್ಲಿ ಇಷ್ಟು ಪಡೆದ ಹುಡುಗನನ್ನು ನಾವು ಮುಂದಿನ ತರಗತಿಗೆ ಕಳುಹಿಸುತ್ತಿದ್ದೆವೇ? ಜಗಳ, ಹೊಡೆದಾಟ, ತುಂಟತನಗಳಂಥ ಹೊರಗಿನ ತೊಂದರೆಗಳಲ್ಲಿ ಹೊಂದಾಣಿಕೆ ಸ್ವಲ್ಪ ಹೆಚ್ಚು. ಭಯ, ಆತಂಕ, ದುಃಖಗಳಂಥ ಒಳಗಿನವುಗಳಲ್ಲಿ ಇನ್ನೂ ಕಡಿಮೆ. 2015ರಲ್ಲಿ ಬೇರೆ ವಿದ್ವಾಂಸರು 341 ಅಧ್ಯಯನಗಳನ್ನು ಸೇರಿಸಿ ಮತ್ತೆ ಲೆಕ್ಕ ಮಾಡಿದಾಗಲೂ ಒಟ್ಟು ಸರಾಸರಿ 0.28ನ್ನು ಮೀರಲಿಲ್ಲ. ಪಟ್ಟಿಗಳು ಹೊಸದಾದರೂ ಮನುಷ್ಯನ ಕಣ್ಣು ಹಳೆಯದೇ.

ಇಲ್ಲಿ ಎದುರು ವಾದಿಗಳು ಎರಡು ಪ್ರಶ್ನೆ ಕೇಳುತ್ತಾರೆ. ಎರಡೂ ಯೋಗ್ಯವಾದ ಪ್ರಶ್ನೆಗಳೇ.

ಮೊದಲನೆಯದು: ‘ಮನುಷ್ಯ ತನ್ನ ಬಗ್ಗೆ ಸತ್ಯವನ್ನೇ ಹೇಳುತ್ತಾನೆಂದು ಏನು ಖಾತ್ರಿ? ತನ್ನ ಬೆನ್ನು ತನಗೆ ಕಾಣದು. ಹೊರಗಿನವರೇ ಸರಿಯಾಗಿ ಕಾಣಬಲ್ಲರು.’ ಬೆನ್ನು ಕಾಣದಿರುವುದು ನಿಜ, ಆದರೆ ಬೆನ್ನುನೋವು ಯಾರಿಗೆ ತಿಳಿಯುತ್ತದೆ? ಸಿಮೀನ್ ವಜೀರ್ ಎಂಬ ಮನಶ್ಶಾಸ್ತ್ರಜ್ಞೆ 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭೇದವನ್ನೇ ಸ್ಪಷ್ಟಪಡಿಸಿತು. ಬುದ್ಧಿಶಕ್ತಿ, ಸೃಜನಶೀಲತೆಗಳಂಥ ಹೊಗಳಿಕೆ ತೆಗಳಿಕೆಗೆ ಸಿಗುವ ಗುಣಗಳಲ್ಲಿ ನಮ್ಮ ಬಗ್ಗೆ ನಮಗಿಂತ ನಮ್ಮ ಗೆಳೆಯರು ಹೆಚ್ಚು ಸರಿಯಾಗಿ ಹೇಳಬಲ್ಲರು. ಆದರೆ ಆತಂಕದಂಥ ಒಳಗಿನ ಗುಣಗಳಲ್ಲಿ ಅವರವರೇ ಹೆಚ್ಚು ಬಲ್ಲವರು. ನೋಡಿ, ಎಷ್ಟು ಸೊಗಸಾದ ವ್ಯವಸ್ಥೆ! ಮಗುವಿನ ಲೆಕ್ಕ, ಪ್ರಬಂಧ, ಜಾಣ್ಮೆಗಳಿಗೆ ಶಿಕ್ಷಕ ಅಂಕ ಕೊಡಲಿ. ಅಲ್ಲಿ ಅವನ ಕಣ್ಣಿಗೆ ಬೆಲೆಯಿದೆ. ಆತಂಕದ ವಿಷಯದಲ್ಲಿ ಮಗುವೇ ಪಂಡಿತ, ಶಿಕ್ಷಕನು ಕೇಳುಗ. ನಾವು ಈ ಕ್ರಮವನ್ನು ತಲೆಕೆಳಗು ಮಾಡಲು ಹೊರಟಿದ್ದೇವೆ.

ನಮ್ಮ ಭಯ ಎದುರಿನವರಿಗೆ ಕಾಣುತ್ತಿದೆಯೆಂದು ನಮಗೆ ಅನಿಸುವಷ್ಟು ಅದು ಕಾಣುವುದೇ ಇಲ್ಲ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಭಾಷಣಕಾರರು ತಮ್ಮ ನಡುಕ ಸಭಿಕರಿಗೆ ಬಹಳ ಕಂಡಿತೆಂದು ನಂಬಿದ್ದರು; ಸಭಿಕರಿಗೆ ಅಷ್ಟು ಕಂಡಿರಲಿಲ್ಲ. ಈ ಸಂಗತಿಯನ್ನು ಮುಂಚೆಯೇ ತಿಳಿಸಿದಾಗ ಭಾಷಣ ಸುಧಾರಿಸಿತು. ವೇದಿಕೆ ಹತ್ತುವ ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ: ‘ನಿನ್ನ ಎದೆಬಡಿತ ನಿನಗೆ ಕೇಳಿಸುವಷ್ಟು ನಮಗೆ ಕೇಳಿಸದು.’ ಆದರೆ ಮಗುವಿಗೆ ಸಮಾಧಾನ ಕೊಡುವ ಇದೇ ಸತ್ಯವು ಅಂಕ ಹಾಕುವವರಿಗೆ ಎಚ್ಚರಿಕೆಯನ್ನೂ ಕೊಡುತ್ತದೆ. ಕಾಣದ್ದಕ್ಕೆ ಅಂಕ ಹಾಕುವುದು ಹೇಗೆ?

ಎರಡನೆಯ ಪ್ರಶ್ನೆ: ‘ಮಾತೇ ಬಾರದವರ ಗತಿಯೇನು?’ ಎರಡು ವರ್ಷದ ಕೂಸು, ಮರೆವಿನ ರೋಗ ಹಿಡಿದ ಹಿರಿಯರು, ಮಾತಿನ ಶಕ್ತಿ ಕಳೆದುಕೊಂಡವರು – ಇವರ ವಿಷಯದಲ್ಲಿ ಹೊರಗಿನ ಕಣ್ಣೇ ಗತಿ, ಒಪ್ಪುತ್ತೇನೆ. ಶಸ್ತ್ರಚಿಕಿತ್ಸೆಗೆ ಮುನ್ನ ಚಿಕ್ಕ ಮಕ್ಕಳ ಆತಂಕವನ್ನು ನೋಡಿ ತಿಳಿಯಲು ಜೀವ್ ಕೈನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಒಂದು ಪಟ್ಟಿಯನ್ನು ಮಾಡಿದರು. ಮಗುವಿನ ಚಲನವಲನ, ದನಿ, ಮುಖಭಾವ, ಎಚ್ಚರದ ಸ್ಥಿತಿ, ತಾಯ್ತಂದೆಯರನ್ನು ಅಪ್ಪಿಕೊಳ್ಳುವ ಬಗೆ ಇವುಗಳನ್ನು ಅದು ಗಮನಿಸುತ್ತದೆ. ಅದು ಒಳ್ಳೆಯ ಕೆಲಸ. ಏಕೆಂದರೆ ಅಲ್ಲಿ ಅಂಕವು ಆ ಗಳಿಗೆಯ ಮಗುವಿನ ಸಂಕಟವನ್ನು ಕಡಿಮೆ ಮಾಡುವುದಕ್ಕಾಗಿ ಇದೆ; ಮಗುವಿನ ಹಣೆಪಟ್ಟಿಯಾಗಿ ಉಳಿಯುವುದಕ್ಕಲ್ಲ. ಮಾತು ಬಾರದವರಿಗೆ ಊರುಗೋಲು ಕೊಡುವುದು ಧರ್ಮ. ನಡೆಯಬಲ್ಲವನ ಕಾಲು ಕಟ್ಟಿ ಊರುಗೋಲು ಕೊಡುವುದು ಯಾವ ಧರ್ಮ?

ಊಹೆಗೆ ಅಳತೆಯ ವೇಷ ಹಾಕಿ ಅಧಿಕಾರದ ಕೈಗೆ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಶಾಲೆಯಿಂದ ಹೊರಗಿನ ಉದಾಹರಣೆಗಳಿವೆ. ಅಮೆರಿಕದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರ ಒತ್ತಡ, ಭಯ, ಕಪಟಗಳ ಚಿಹ್ನೆಗಳನ್ನು ನೋಡಿ ಅಂಕ ಕೂಡಿಸುವ ಅಧಿಕಾರಿಗಳ ಪಡೆಯೊಂದನ್ನು ನೇಮಿಸಲಾಯಿತು. 2007ರಿಂದ ಅದಕ್ಕೆ ಸುಮಾರು 90 ಕೋಟಿ ಡಾಲರ್ ವೆಚ್ಚವಾಯಿತು. 2013ರ ನವೆಂಬರಿನಲ್ಲಿ ಆ ದೇಶದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯು, 60 ವರ್ಷಗಳ 400ಕ್ಕೂ ಹೆಚ್ಚು ಅಧ್ಯಯನಗಳ ಆಧಾರದ ಮೇಲೆ, ನಡವಳಿಕೆಯ ಚಿಹ್ನೆಗಳಿಂದ ಕಪಟವನ್ನು ಗುರುತಿಸುವ ಮನುಷ್ಯನ ಸಾಮರ್ಥ್ಯವು ನಾಣ್ಯ ಚಿಮ್ಮಿ ಹೇಳುವುದಕ್ಕೆ ಸಮ ಅಥವಾ ಅದಕ್ಕಿಂತ ತುಸು ಮೇಲು ಎಂಬ ಅರ್ಥದ ವರದಿ ಕೊಟ್ಟಿತು. ವಿಮಾನ ತಪ್ಪೀತೆಂದು ಬೆವರುವವನೂ ಬೆವರುತ್ತಾನೆ, ಕೇಡು ಬಗೆದವನೂ ಬೆವರುತ್ತಾನೆ; ಬೆವರಿನ ಮೇಲೆ ಕಾರಣ ಬರೆದಿರುವುದಿಲ್ಲ.

ನಮ್ಮ ರಾಜ್ಯದ ಹೆಸರನ್ನೇ ಹೊತ್ತ ಒಂದು ತೀರ್ಪನ್ನೂ ನೆನೆಯಬೇಕು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ ಮತ್ತು ಮೆದುಳಿನ ಪರೀಕ್ಷೆಗಳನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲವೆಂದು ಹೇಳಿತು. ಸುಳ್ಳು ಪತ್ತೆ ಯಂತ್ರವು ಅಳೆಯುವುದು ನಾಡಿ, ಉಸಿರು, ಬೆವರುಗಳನ್ನೇ. ನಿರಪರಾಧಿಯ ದಿಗಿಲಿನಲ್ಲೂ ಇವು ಏರುತ್ತವೆ. ಆರೋಪ ಹೊತ್ತವನ ಒಳಮನಸ್ಸನ್ನೇ ಅವನ ಒಪ್ಪಿಗೆಯಿಲ್ಲದೆ ಕೆದಕಬಾರದೆಂದು ನ್ಯಾಯಾಲಯ ಹೇಳಿರುವಾಗ, ಯಾವ ಆರೋಪವೂ ಇಲ್ಲದ ಹತ್ತು ವರ್ಷದ ಮಗುವಿನ ಒಳಮನಸ್ಸಿನ ಬಗ್ಗೆ ಅದನ್ನು ಒಂದು ಮಾತೂ ಕೇಳದೆ ಷರಾ ಬರೆಯಲು ನಮಗೆ ಯಾವ ಅಧಿಕಾರವಿದೆ?

ಇನ್ನು ಈ ಕೆಲಸಕ್ಕೆ ಯಂತ್ರಗಳೂ ಬಂದಿವೆ. 2018ರಲ್ಲಿ ಚೀನಾದ ಹಾಂಗ್‌ಝೌ ನಗರದ ಪ್ರೌಢಶಾಲೆಯೊಂದರಲ್ಲಿ ಮಕ್ಕಳ ಮುಖವನ್ನು 30 ಸೆಕೆಂಡುಗಳಿಗೊಮ್ಮೆ ನೋಡಿ ಭಯ, ಕೋಪ, ಸಂತೋಷಗಳನ್ನು ವರ್ಗೀಕರಿಸುವ ಕ್ಯಾಮೆರಾಗಳನ್ನು ಅಳವಡಿಸಿದ ಸುದ್ದಿ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಮರುವರ್ಷ, 2019ರಲ್ಲಿ, ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ದೀರ್ಘ ವಿಮರ್ಶೆಯೊಂದನ್ನು ಪ್ರಕಟಿಸಿ, ಮುಖದ ಚಲನೆಗಳಿಂದ ಮನಸ್ಸಿನ ಭಾವವನ್ನು ನೆಚ್ಚಿಕೆಯಿಂದ ಓದಲಾಗದೆಂದು ತೋರಿಸಿದರು. ಯುರೋಪಿನ ಒಕ್ಕೂಟವು 2024ರ ತನ್ನ ಕಾಯಿದೆಯಲ್ಲಿ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಹೊರತುಪಡಿಸಿ, ಶಾಲೆಗಳಲ್ಲೂ ಕೆಲಸದ ಸ್ಥಳಗಳಲ್ಲೂ ಯಂತ್ರಗಳಿಂದ ಜನರ ಭಾವನೆ ಅಳೆಯುವುದನ್ನು ನಿಷೇಧಿಸಿತು. 2025ರ ಫೆಬ್ರವರಿ 2ರಿಂದ ಆ ನಿಷೇಧ ಜಾರಿಯಲ್ಲಿದೆ. ಯಂತ್ರಕ್ಕೆ ನಿಷೇಧವಾದದ್ದು ಮನುಷ್ಯನಿಗೆ ಕರ್ತವ್ಯವಾಗಬೇಕೇ?

ಈಗ ನಮ್ಮ ಶಾಲೆಗಳಿಗೆ ಬರೋಣ. 2009ರಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಜಾರಿಗೆ ತಂದಾಗ ಹತ್ತು ಜೀವನಕೌಶಲಗಳ ಪಟ್ಟಿಯೂ ಜೊತೆಗೆ ಬಂತು. ಭಾವನೆಗಳ ನಿರ್ವಹಣೆ ಮತ್ತು ಒತ್ತಡವನ್ನು ಎದುರಿಸುವುದು ಅದರಲ್ಲಿ ಸೇರಿದ್ದವು. ಶಿಕ್ಷಕರು ನೋಡಿ ಶ್ರೇಣಿ ಕೊಡಬೇಕಿತ್ತು. 50 ಮಕ್ಕಳ ತರಗತಿಗೆ ಹತ್ತು ಕೌಶಲವೆಂದರೆ 500 ತೀರ್ಪುಗಳು! ಒಂದೊಂದು ತೀರ್ಪಿಗೆ ಎರಡೇ ನಿಮಿಷ ಕೊಟ್ಟರೂ 16 ಗಂಟೆಗೂ ಮೀರಿದ ಕೆಲಸ. ಇಷ್ಟು ಹೊತ್ತಿನಲ್ಲಿ ಆ ಶಿಕ್ಷಕನು ಎಷ್ಟು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡಿಸಬಹುದಿತ್ತು! 2017ರಲ್ಲಿ ಆ ಮಂಡಳಿಯು ಈ ಪದ್ಧತಿಯನ್ನು ಕೈಬಿಟ್ಟಿತು. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವ ಸರ್ವತೋಮುಖ ಪ್ರಗತಿಪತ್ರದಲ್ಲಿ ಭಾವವಲಯದ ಬೆಳವಣಿಗೆಯೂ ಸೇರಿದೆ. ಶಿಕ್ಷಕರು, ಸಹಪಾಠಿಗಳು ಮತ್ತು ಮಗು ಮೂವರ ಮೌಲ್ಯಮಾಪನವೂ ಇರಬೇಕೆಂದಿದೆ. ಮಗುವಿನ ಮಾತಿಗೂ ಸ್ಥಾನ ಕೊಟ್ಟದ್ದು ಸ್ವಾಗತಾರ್ಹ. ಆದರೆ ಸಹಪಾಠಿಯ ಅಳುಕಿಗೆ ಸಹಪಾಠಿಯಿಂದ ಶ್ರೇಣಿ ಕೊಡಿಸುವ ದಿನ ಬಂದರೆ ಏನಾದೀತೆಂದು ಊಹಿಸಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲಿಯ ಸಂಕಟಕ್ಕೆ ಅಂಕ ಹಾಕುವ ಕೆಲಸವನ್ನು ಬೆಕ್ಕಿಗೇ ಒಪ್ಪಿಸಬೇಕೇ?

2009ರ ಶಿಕ್ಷಣ ಹಕ್ಕು ಕಾಯಿದೆಯನ್ನು ಬರೆದವರಿಗೆ ಈ ಭೇದ ಚೆನ್ನಾಗಿ ಗೊತ್ತಿತ್ತೆಂದು ನನಗೆ ತೋರುತ್ತದೆ. ಅದರ 29ನೆಯ ಪ್ರಕರಣವನ್ನು ತೆರೆದು ಓದಿ. ಮೌಲ್ಯಮಾಪನದ ಬಗ್ಗೆ ಹೇಳುವ ಖಂಡವು ಮಗುವಿನ ಜ್ಞಾನದ ತಿಳಿವಳಿಕೆ ಮತ್ತು ಅದನ್ನು ಬಳಸುವ ಸಾಮರ್ಥ್ಯಗಳನ್ನು ಮಾತ್ರ ಹೆಸರಿಸುತ್ತದೆ. ಆತಂಕದ ಮಾತು ಅದರ ಹಿಂದಿನ ಖಂಡದಲ್ಲಿದೆ. ಅಲ್ಲಿ ಅಳೆಯಿರಿ ಎಂದಿಲ್ಲ. ಮಗುವನ್ನು ಭಯ, ಆಘಾತ ಮತ್ತು ಆತಂಕಗಳಿಂದ ಮುಕ್ತಗೊಳಿಸಬೇಕು ಎಂದಿದೆ. ಅದೇ ಉಸಿರಿನಲ್ಲಿ, ಮಗು ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎಂದಿದೆ. ಜ್ಞಾನವನ್ನು ಅಳೆಯಿರಿ, ಆತಂಕವನ್ನು ನೀಗಿಸಿ, ಅದಕ್ಕಾಗಿ ಮಗುವಿಗೆ ಮಾತು ಕೊಡಿ – ಇದು ಕಾನೂನಿನ ಕ್ರಮ. ನಾವು ಮಾತು ಕೊಡುವ ಕಷ್ಟವನ್ನು ತಪ್ಪಿಸಿಕೊಂಡು ಅಂಕ ಕೊಡುವ ಸುಲಭವನ್ನು ಆರಿಸಿಕೊಳ್ಳುತ್ತಿದ್ದೇವೆ.

ಕೇಳಿದರೆ ಮಕ್ಕಳು ಹೇಳುತ್ತಾರೆಯೇ ಎಂಬ ಸಂದೇಹ ಬೇಡ. 2022ರಲ್ಲಿ ಎನ್.ಸಿ.ಇ.ಆರ್.ಟಿ. ಪ್ರಕಟಿಸಿದ ಮಾನಸಿಕ ಆರೋಗ್ಯದ ಸಮೀಕ್ಷೆಯಲ್ಲಿ ಸುಮಾರು 3 ಲಕ್ಷ 79 ಸಾವಿರ ವಿದ್ಯಾರ್ಥಿಗಳು ತಾವೇ ಉತ್ತರಿಸಿದರು. ಓದು, ಪರೀಕ್ಷೆ, ಫಲಿತಾಂಶಗಳೇ ತಮ್ಮ ಆತಂಕದ ಕಾರಣವೆಂದು ಶೇಕಡ 81ರಷ್ಟು ಮಕ್ಕಳು ಹೇಳಿದರು. ಮಕ್ಕಳು ನಮ್ಮ ಕಡೆಗೇ ಬೆರಳು ತೋರಿದ್ದಾರೆ! ನೋಡಿ ಅಂಕ ಹಾಕುವ ಯಾವ ಪಟ್ಟಿಯೂ ಈ ಉತ್ತರವನ್ನು ಕೊಡುತ್ತಿರಲಿಲ್ಲ, ಏಕೆಂದರೆ ಅಂತಹ ಪಟ್ಟಿಯಲ್ಲಿ ದೋಷವೆಲ್ಲ ನೋಡಿಸಿಕೊಳ್ಳುವವನದು. ನೋಡುವವನು ಸದಾ ನಿರ್ದೋಷಿ.

ಹಾಗಾದರೆ ಶಿಕ್ಷಕರು ಕಣ್ಣು ಮುಚ್ಚಿಕೊಳ್ಳಬೇಕೇ? ಖಂಡಿತ ಇಲ್ಲ. ಕಣ್ಣು ತೆರೆದಿರಲಿ, ಆದರೆ ಕಂಡದ್ದು ಪ್ರಶ್ನೆಗೆ ಮೊದಲಾಗಲಿ, ತೀರ್ಪಿಗೆ ಕೊನೆಯಾಗದಿರಲಿ. ನಿಮ್ಮಲ್ಲಿ ಶಿಕ್ಷಕ ವೃತ್ತಿಗೆ ಹೋದವರಿಗೆ ನನ್ನ ಸಲಹೆ ಇಷ್ಟೇ. ಬರೆಯಲೇಬೇಕಾದರೆ ಕಂಡದ್ದನ್ನು ಬರೆಯಿರಿ: ‘ಈ ತಿಂಗಳು ಮೂರು ಬಾರಿ ಪರೀಕ್ಷೆಯ ದಿನ ಹೊಟ್ಟೆನೋವೆಂದು ಮನೆಗೆ ಹೋದಳು.’ ‘ಆತಂಕದ ಸ್ವಭಾವ’ ಎಂದು ಬರೆಯಬೇಡಿ. ಮೊದಲನೆಯದನ್ನು ಓದಿದ ತಾಯಿ ಮಗಳನ್ನು ಹತ್ತಿರ ಕೂರಿಸಿಕೊಂಡು ಏನಾಯಿತೆಂದು ಕೇಳುತ್ತಾಳೆ; ಎರಡನೆಯದನ್ನು ಓದಿದ ತಾಯಿ ಮಗಳನ್ನು ಗದರಿಸುತ್ತಾಳೆ, ಇಲ್ಲವೇ ತಾನೇ ಆತಂಕಕ್ಕೆ ಬೀಳುತ್ತಾಳೆ. ಗದ್ದಲ ಮಾಡದೆ, ಅಳದೆ, ಎಲ್ಲ ಲೆಕ್ಕಗಳನ್ನೂ ಮುಗಿಸಿ ಸುಮ್ಮನೆ ಕುಳಿತಿರುವ ಮಗುವನ್ನೂ ವಾರಕ್ಕೊಮ್ಮೆ ಮಾತನಾಡಿಸಿ. ಎಲ್ಲ ಪಟ್ಟಿಗಳಲ್ಲೂ ಅದಕ್ಕೆ ಒಳ್ಳೆಯ ಶ್ರೇಣಿ ಸಿಕ್ಕಿರುತ್ತದೆ, ಅದರಿಂದಲೇ ಯಾರೂ ಅದನ್ನು ಕೇಳಿರುವುದಿಲ್ಲ.

ತಾಯ್ತಂದೆಯರಾದ ನಿಮಗೆ: ಆ ಅಂಕಣವನ್ನು ಮಗುವಿನ ಎದುರು ಗಟ್ಟಿಯಾಗಿ ಓದಬೇಡಿ. ಅದರ ಬದಲು ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಮಗುವಿನ ನಿದ್ದೆ, ಊಟಗಳು ಕೆಟ್ಟು ಸಂಕಟ ದೊಡ್ಡದೆಂದು ತಿಳಿದರೆ ವೈದ್ಯರನ್ನು ಕಾಣಿರಿ. 2022ರಿಂದ ಕೇಂದ್ರ ಸರ್ಕಾರವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೆರವಿನಿಂದ ನಡೆಸುತ್ತಿರುವ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆ ಮಾಡಬಹುದು. ಅಲ್ಲಿಯೂ ಮೊದಲು ನಡೆಯುವ ಕೆಲಸ ಕೇಳಿಸಿಕೊಳ್ಳುವುದೇ.

ಕಚೇರಿಗಳಲ್ಲಿ ಅಧಿಕಾರಿಗಳಾಗಿ ನೌಕರರಿಗೆ ವಾರ್ಷಿಕ ಷರಾ ಬರೆಯುವವರೂ ನಿಮ್ಮಲ್ಲಿ ಅನೇಕರಿದ್ದೀರಿ. ‘ಒತ್ತಡದಲ್ಲಿ ಸ್ಥಿರತೆ’ ಎಂಬ ಸಾಲಿನ ಎದುರು ಅಂಕಿ ಬರೆಯುವ ಮುನ್ನ, ಆ ಒತ್ತಡವನ್ನು ಹೇರಿದವರು ಯಾರೆಂದು ಒಮ್ಮೆ ಯೋಚಿಸಿ. ನಿಮ್ಮ ಲೆಕ್ಕಕ್ಕೆ, ವ್ಯಾಕರಣಕ್ಕೆ, ಕೈಬರಹಕ್ಕೆ ನಾನು ಧಾರಾಳವಾಗಿ ಅಂಕ ಕಳೆದಿದ್ದೇನೆ; ಅದು ನನ್ನ ಕೆಲಸವಾಗಿತ್ತು. ನಿಮ್ಮ ಅಳುಕಿಗೆ ಅಂಕ ಹಾಕುವುದು ಯಾವ ಮೇಷ್ಟ್ರ ಕೆಲಸವೂ ಅಲ್ಲ.

ಎಲ್ಲರಿಗೂ ಒಳಿತಾಗಲಿ.

ನಿಮ್ಮ ಪ್ರೀತಿಯ
ಮೇಷ್ಟ್ರು